ವೆನಿಸ್‌ನ ಕಾಲುವೆಗಳಲ್ಲಿ ಬೋಟುಗಳ ವೇಗವನ್ನು ಹೇಗೆ ಹಿಡಿತದಲ್ಲಿಡುತ್ತಾರೆ?

ಮಿತಿ ಹಾಕಿ, ಕ್ಯಾಮೆರಾ ಇಟ್ಟು, ಮೀರಿದವರಿಗೆ ದಂಡ ಜಡಿಯುತ್ತಾರೆ. ನೀರಿನ ಮೇಲೆ ಹಂಪ್ ಕಟ್ಟಲು ಆಗುವುದಿಲ್ಲ ಅಲ್ವಾ! ಸಣ್ಣ ಕಾಲುವೆಗಳಲ್ಲಿ ಮಿತಿ ಗಂಟೆಗೆ 5 ಕಿ.ಮೀ., ಅಂದರೆ ಹೆಚ್ಚುಕಡಿಮೆ ನಾವು ನಡೆಯುವ ವೇಗ. ಊರಿನ ಮುಖ್ಯ ಕಾಲುವೆಯಾದ ಗ್ರ್ಯಾಂಡ್ ಕೆನಾಲ್‌ನಲ್ಲಿ ಸಾಮಾನ್ಯವಾಗಿ 7. ಅಲ್ಲಿ 2007ರಲ್ಲಿ ಆರ್ಗೋಸ್ ಎಂಬ ಕ್ಯಾಮೆರಾ ವ್ಯವಸ್ಥೆಯನ್ನು ದಡದ ಕಟ್ಟಡಗಳ ಮೇಲೆ ಕೂರಿಸಿದರು, ಅದು ಹಾದುಹೋಗುವ ಬೋಟುಗಳನ್ನು ಹಿಂಬಾಲಿಸಿ ವೇಗ ಲೆಕ್ಕ ಹಾಕುತ್ತಿತ್ತು.

ಇಷ್ಟು ಕಡಿಮೆ ಮಿತಿ ಯಾಕೆ? ಡಿಕ್ಕಿಗಿಂತ ಅಲೆಯ ಕಾಟವೇ ಜಾಸ್ತಿ. ಬೋಟು ನೀರನ್ನು ತಳ್ಳಿಕೊಂಡು ಹೋಗುವಾಗ ಹಿಂದೆ ಅಲೆ ಏಳುತ್ತದೆ, ಅಲೆಯ ಎತ್ತರ ದುಪ್ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕೆರೆಯಲ್ಲಾದರೆ ಹರಡಿ ಕರಗಿಹೋದೀತು, ಇಕ್ಕಟ್ಟಾದ ಕಾಲುವೆಯಲ್ಲಿ ಎರಡೂ ಗೋಡೆಗೆ ಬಡಿದು ವಾಪಸ್ ಬರುತ್ತಲೇ ಇರುತ್ತದೆ. ಇಟ್ಟಿಗೆಗಳ ನಡುವಿನ ಗಾರೆ ಸ್ವಲ್ಪಸ್ವಲ್ಪವೇ ಕಿತ್ತುಬರುತ್ತದೆ, ಆ ಸಂದಿಗೆ ಉಪ್ಪುನೀರು ನುಗ್ಗುತ್ತದೆ, ಮೆಟ್ಟಿಲ ಬುಡ ಟೊಳ್ಳಾಗುತ್ತದೆ. ಮನೆ ಬಾಗಿಲಿಗೆ ಕಟ್ಟಿದ ದೋಣಿಗಳೂ ಗೋಡೆಗೆ ಗುದ್ದುತ್ತಿರುತ್ತವೆ.

ಒಂದು ತಮಾಷೆ ಇದೆ. ತುಂಬಾ ಜೋರಾಗಿ ಓಡುವ ಸ್ಪೀಡ್‌ಬೋಟು ನೀರಿನಿಂದ ಮೇಲೆದ್ದು ಜಾರುವುದರಿಂದ ಅದರ ಅಲೆ ತುಸು ಚಿಕ್ಕದಾಗುತ್ತದೆ. ಅದೇ ಬೋಟು ಅರ್ಧಂಬರ್ಧ ನಿಧಾನವಾದರೆ ಹಿಂಭಾಗ ನೀರಲ್ಲಿ ಕುಸಿದು ಅಲೆ ಇನ್ನೂ ದೊಡ್ಡದಾಗುತ್ತದೆ. ಹಾಗಾಗಿ ಸುಮ್ನೆ ‘ಸ್ವಲ್ಪ ನಿಧಾನ’ ಎಂಬ ಬೋರ್ಡ್ ಹಾಕಿದರೆ ಪ್ರಯೋಜನವಿಲ್ಲ, ನಡಿಗೆಯ ವೇಗಕ್ಕೇ ಇಳಿಸಬೇಕು.