ರಜೆಯ ಕೊನೇ ವಾರದ ಹೊಟ್ಟೆನೋವು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ, ಒಂದಕ್ಕಿಂತ ಹೆಚ್ಚು ಕುಟುಂಬಗಳ ಸಂಗತಿ ಇದರಲ್ಲಿ ಕೂಡಿಕೊಂಡಿದೆ.)

ತಂದೆ-ತಾಯಿ ಧಾರವಾಡದ ಕಡೆಯವರು. ಒಡಿಶಾದ ಕೊರಾಪುಟ್ ಗುಡ್ಡಗಾಡಿನಲ್ಲಿ ಸುವಾರ್ತಾ ಸೇವೆ, ಜೊತೆಗೊಂದು ಚಿಕ್ಕ ದವಾಖಾನೆ. 11 ವರ್ಷದ ಮಗ ಎರಡು ವರ್ಷದಿಂದ ನೀಲಗಿರಿಯ ಬೋರ್ಡಿಂಗ್ ಶಾಲೆಯಲ್ಲಿದ್ದಾನೆ. 7 ವರ್ಷದ ಮಗಳನ್ನೂ ಬರುವ ಜೂನ್‌ಗೆ ಕಳಿಸುವ ಯೋಚನೆ.

ರಜೆ ಮುಗಿಯಲು ಎಂಟು ದಿನ ಇದೆ ಎನ್ನುವಾಗ ಹುಡುಗನಿಗೆ ಹೊಟ್ಟೆನೋವು, ತಂಗಿಯೊಡನೆ ಜಗಳ, ಅಮ್ಮನೊಡನೆ ಮಾತು ಬಂದ್. ಡಾಕ್ಟರು ನೋಡಿದ್ದಾರೆ, ದೇಹದಲ್ಲಿ ಏನೂ ಇಲ್ಲ. ಶಾಲೆಯವರು ‘ಚೆನ್ನಾಗಿ ಹೊಂದಿಕೊಂಡಿದ್ದಾನೆ’ ಎನ್ನುತ್ತಾರೆ. ಆ ಮಾತಿಗೆ ಅರ್ಧ ಬೆಲೆ ಸಾಕು. ಅತ್ತರೆ ಗೇಲಿ ಮಾಡುತ್ತಾರೆಂದು ಹಾಸ್ಟೆಲ್ ಮಕ್ಕಳು ಬಹುಬೇಗ ಕಲಿಯುತ್ತಾರೆ. ಇನ್ನು ಜಗಳ: ಮುನಿಸಿಕೊಂಡು ಹೊರಟರೆ ಬಿಟ್ಟುಹೋಗುವ ಸಂಕಟ ಕಡಿಮೆ.

ಹುಡುಗನೊಬ್ಬನನ್ನೇ ಮಾತಾಡಿಸಿದಾಗ ಬೇರೆ ಸಂಗತಿಗಳು ಹೊರಬಂದವು. ಮನೆಯಲ್ಲಿ ಅವನ ಮಂಚದ ತುಂಬ ಔಷಧಿಯ ಪೆಟ್ಟಿಗೆಗಳು. ಅಲ್ಲಿನ ಆಡುನುಡಿ ದೇಸಿಯಾ ಮರೆತು ಹಳ್ಳಿಯ ಹುಡುಗರ ಆಟಕ್ಕೆ ಹೊರಗಿನವನಾಗಿದ್ದಾನೆ. ಅಜ್ಜಿಗೆ ಎರಡು ಸಾಲು ಬರೆಯುವಷ್ಟು ಕನ್ನಡವೂ ಇಲ್ಲ. ಎಲ್ಲಕ್ಕಿಂತ ಚುಚ್ಚಿದ್ದು, ಹಾಸ್ಟೆಲಿನಲ್ಲಿ ಅವನು ಹಾಸಿಗೆ ಒದ್ದೆ ಮಾಡಿಕೊಂಡ ಸುದ್ದಿ ಸೇವೆಗೆ ನೆರವಾಗುವವರಿಗೆ ಅಪ್ಪ ಕಳಿಸುವ ಪ್ರಾರ್ಥನಾ ಪತ್ರದಲ್ಲಿ ಊರೂರಿಗೆ ಹೋಗಿದ್ದು.

‘ತೃತೀಯ ಸಂಸ್ಕೃತಿಯ ಮಕ್ಕಳು’ (ಅಪ್ಪ-ಅಮ್ಮನ ಸಂಸ್ಕೃತಿಯ ಹೊರಗೆ ಬೆಳೆಯುವವರು) ಎಂಬ ಮಾತು 1950ರ ದಶಕದಲ್ಲಿ ಭಾರತದಲ್ಲಿದ್ದ ಅಮೆರಿಕನ್ನರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ರೂತ್ ಹಿಲ್ ಯುಸೀಮ್ ಅವರದು. ದೇಶದ ಗಡಿ ದಾಟದ ಈ ಹುಡುಗನಿಗೂ ಅದು ಒಪ್ಪುತ್ತದೆ.

ತಂದೆ-ತಾಯಿಗೆ ಕೊಟ್ಟ ಸಲಹೆ: ಮಂಚ ಇವತ್ತೇ ಖಾಲಿ ಮಾಡಿ, ಅವನಿಲ್ಲದಾಗಲೂ ಅದು ಅವನದೇ. ಪತ್ರದಲ್ಲಿ ಅವನ ವಿಷಯ ಬರೆದರೆ ಮೊದಲು ಅವನೇ ಓದಲಿ, ಬೇಡವೆಂದ ಸಾಲು ಹೊಡೆದುಹಾಕಲಿ. ‘ದೇವರ ಕೆಲಸಕ್ಕಾಗಿ ಸಹಿಸಿಕೋ’ ಎನ್ನಬೇಡಿ. ಹಾಗೆಂದರೆ ಅವನ ದೂರು ದೇವರ ಮೇಲಾಗುತ್ತದೆ, ಅದನ್ನು ಅವನು ಯಾರ ಮುಂದೆಯೂ ಹೇಳಲಾರ.

ಫೋನು ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ, 15 ನಿಮಿಷ. ವಾರ್ಡನ್ ಎದುರು ಸ್ಪೀಕರ್ ಹಾಕಿ ಮಾತಾಡುವುದು ಲೆಕ್ಕಕ್ಕಿಲ್ಲ. ‘ಊಟ ಆಯ್ತಾ?’ ಎಂದರೆ ‘ಹ್ಞೂಂ’ ಅಷ್ಟೇ ಬರುತ್ತದೆ. ‘ಊಟಕ್ಕೆ ಪಕ್ಕದಲ್ಲಿ ಯಾರು ಕೂತಿದ್ರು?’ ಎಂದು ಕೇಳಿ. ಒಂಟಿಯಾಗಿದ್ದಾನೋ ಇಲ್ಲವೋ ತಿಳಿಯುತ್ತದೆ.

ಹೊರಡುವ ಹಿಂದಿನ ರಾತ್ರಿ ಟ್ರಂಕ್ ತುಂಬುವುದು ಬೇಡ, ಮೂರು ದಿನ ಮೊದಲೇ ಆಗಲಿ. ಇಂಥ ಮಕ್ಕಳ ಬಗ್ಗೆ ಬರೆದ ಡೇವಿಡ್ ಪೊಲಾಕ್ ಹೇಳಿದ ನಾಲ್ಕು ಹೆಜ್ಜೆ ಇಲ್ಲಿ ಉಪಯೋಗಕ್ಕೆ ಬರುತ್ತವೆ: ಜಗಳ ಬಗೆಹರಿಸುವುದು, ‘ನೀನು ಬಂದದ್ದು ಖುಷಿಯಾಯ್ತು’ ಎಂದು ಬಾಯಿಬಿಟ್ಟು ಹೇಳುವುದು, ನಾಯಿಯನ್ನೂ ಬಿಡದೆ ಎಲ್ಲರಿಗೂ ಹೋಗಿಬರ್ತೀನಿ ಎನ್ನುವುದು, ಹೋಗುವ ಜಾಗದ ಮಾತಾಡುವುದು. ಮತ್ತೆ ಸಿಗುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕಲಿ.

ಹಾಸಿಗೆ ಮತ್ತೆ ಒದ್ದೆಯಾದರೆ, ತೂಕ ಇಳಿದರೆ, ಒಬ್ಬ ವ್ಯಕ್ತಿ ಅಥವಾ ಒಂದು ಕೋಣೆಯ ಹೆಸರೆತ್ತಿದಾಗ ಬೆದರಿದರೆ ರಜೆಗೆ ಕಾಯದೆ ಶಾಲೆಗೆ ಹೋಗಿ. ಹಿಂಸೆಯ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಮಗಳನ್ನು ಈ ಜೂನ್‌ಗೆ ಕಳಿಸಬೇಡಿ ಎಂದಾಯಿತು. ತಾಯಿ ಒಪ್ಪಿದರು; ತಂದೆ ಇನ್ನೂ ಒಪ್ಪಿಲ್ಲ. ಮುಂದಿನ ರಜೆಯಲ್ಲಿ ಹೊಟ್ಟೆನೋವು ಎರಡೇ ದಿನ ಇತ್ತು.