ಕೋಟೆ ಬಿಡಿ, ಕಾರಿನೊಳಗಿನದ್ದು ಬರೆಯಿರಿ

ನಮಸ್ಕಾರ ಮೇಡಂ,

ನೀವು ಕಳಿಸಿದ ‘ದುರ್ಗದ ದಾರಿಯಲ್ಲಿ ನಾವಿಬ್ಬರು’ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಪತ್ರದ ಕೊನೆಯವರೆಗೂ ನಿಮ್ಮನ್ನು ಕಾಯಿಸಬಾರದು ಅಂತ ಮೊದಲೇ ಹೇಳುತ್ತಿದ್ದೇನೆ. ಆದರೆ ವಾಪಸ್ ಕಳಿಸಿ ಸುಮ್ಮನಿರಲು ಮನಸ್ಸು ಒಪ್ಪುತ್ತಿಲ್ಲ. ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ಅದು ನಾಲ್ಕೈದು ಸಾಲಿನಲ್ಲಿ ಅಲ್ಲಲ್ಲಿ ಇಣುಕಿ ಮಾಯವಾಗುತ್ತದೆ.

ನೀವು ಬರೆದದ್ದು ಇಷ್ಟು. 2020ರ ಮೇ 31, ಭಾನುವಾರ. ಫೆಬ್ರವರಿಯಲ್ಲಿ ಮದುವೆಯಾದ ನೀವಿಬ್ಬರೂ ಯಜಮಾನರ ಗೆಳೆಯರ ಕಾರು ತಗೊಂಡು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟಿರಿ. ಹೋಟೆಲಿನಲ್ಲಿ ಕೂತು ಬಿಸಿಬಿಸಿ ಬೆಣ್ಣೆ ದೋಸೆ ತಿಂದಿರಿ. ದಾರಿಯುದ್ದಕ್ಕೂ ಹಚ್ಚ ಹಸಿರು ನೋಡಿದಿರಿ. ಕೋಟೆ ಹತ್ತಿ, ಓಬವ್ವನ ಕಿಂಡಿ ಮುಂದೆ ನಿಂತು ಇತಿಹಾಸ ನೆನೆದಿರಿ. ಮೇಲಿನಿಂದ ಸೂರ್ಯಾಸ್ತ ನೋಡಿ, ರಾತ್ರಿ ಒಂಬತ್ತಕ್ಕೆ ಮನೆ ಸೇರಿದಿರಿ.

ಓದುತ್ತಾ ಹೋದಂತೆ ನನಗೆ ಕಸಿವಿಸಿ ಆಯಿತು. ಆ ದಿನ ಇದು ಹೀಗೆ ನಡೆದಿರಲು ಸಾಧ್ಯವಿಲ್ಲ.

ಅದು ಕೊರೊನಾ ಲಾಕ್‌ಡೌನಿನ ಕಾಲ. ಕೇಂದ್ರ ಪುರಾತತ್ವ ಇಲಾಖೆ ತನ್ನ ಸ್ಮಾರಕಗಳನ್ನು ಮಾರ್ಚ್ 17ರಿಂದಲೇ ಮುಚ್ಚಿತ್ತು. ಪ್ರವಾಸಿಗರಿಗೆ ಮತ್ತೆ ತೆರೆಯಲು ಅವಕಾಶ ಸಿಕ್ಕಿದ್ದು ಜುಲೈ 6ರಿಂದ. ದುರ್ಗದ ಕೋಟೆ ಆ ಇಲಾಖೆಯ ಕೈಯಲ್ಲೇ ಇದೆ. ಹಾಗಾಗಿ ಮೇ 31ಕ್ಕೆ ನೀವು ಕೋಟೆ ಹತ್ತಿರಲಾರಿರಿ. ಹೋಟೆಲಿನಲ್ಲಿ ಕೂತು ತಿನ್ನಲು ಬಿಟ್ಟಿದ್ದು ಜೂನ್ 8ರಿಂದ. ಅಲ್ಲಿಯವರೆಗೂ ಬರೀ ಪಾರ್ಸೆಲ್. ಇನ್ನು ರಾತ್ರಿ ಕರ್ಫ್ಯೂ. ಆ ತಿಂಗಳ ಕೊನೆಯವರೆಗೂ ಅದು ಸಂಜೆ ಏಳರಿಂದ ಬೆಳಿಗ್ಗೆ ಏಳರವರೆಗೆ ಇತ್ತು. ಸೂರ್ಯ ಮುಳುಗುವ ತನಕ ದುರ್ಗದಲ್ಲಿದ್ದು, ಅರವತ್ತು ಕಿಲೋಮೀಟರ್ ದಾಟಿ ಊರಿಗೆ ಬರಲು ಹೇಗೆ ಆಗುತ್ತದೆ?

ನೀವು ಸುಳ್ಳು ಬರೆದಿದ್ದೀರಿ ಅಂತ ನಾನು ಹೇಳುತ್ತಿಲ್ಲ. ಬೇರೆ ಯಾವಾಗಲೋ ಕೋಟೆಗೆ ಹೋದ ನೆನಪು ಇದರ ಜೊತೆ ಸೇರಿಕೊಂಡಿರಬಹುದು. ಅಥವಾ ಪ್ರವಾಸದ ಲೇಖನ ಅಂದರೆ ಕೋಟೆ, ಹಸಿರು, ಸೂರ್ಯಾಸ್ತ ಇರಲೇಬೇಕು ಅಂತ ಅನಿಸಿರಬಹುದು. ಆದರೆ ನಮ್ಮ ಓದುಗರು ಇಲ್ಲೇ ಸುತ್ತಮುತ್ತಲಿನವರು. ಆ ಬೇಸಿಗೆಯನ್ನು ನಿಮ್ಮಂತೆಯೇ ಕಳೆದವರು. ದೋಸೆ ಬಂದ ಸಾಲಿನಲ್ಲೇ ಅವರಿಗೆ ಅನುಮಾನ ಬರುತ್ತದೆ. ಒಮ್ಮೆ ಅನುಮಾನ ಬಂದರೆ, ಆಮೇಲೆ ನೀವು ಬರೆದ ನಿಜವನ್ನೂ ಅವರು ನಂಬುವುದಿಲ್ಲ.

ನನಗೆ ಇದಕ್ಕಿಂತ ಜಾಸ್ತಿ ಬೇಸರವಾದ ಸಂಗತಿ ಬೇರೆ. ನಿಜವಾಗಿ ನಡೆದದ್ದು ನೀವು ಬರೆದದ್ದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಪಾರ್ಸೆಲ್ ದೋಸೆಯನ್ನೇ ನೋಡಿ. ಬೆಣ್ಣೆ ದೋಸೆ ಪಾರ್ಸೆಲ್‌ಗೆ ಹೇಳಿ ಮಾಡಿಸಿದ ತಿಂಡಿ ಅಲ್ಲವೇ ಅಲ್ಲ. ಕಟ್ಟಿದ ಹತ್ತು ನಿಮಿಷಕ್ಕೆ ಅದರ ಗರಿಗರಿ ಹೋಗುತ್ತದೆ. ಬೆಣ್ಣೆ ಕಾಗದಕ್ಕೆ ಇಳಿಯುತ್ತದೆ. ಚಟ್ನಿ ಪ್ಲಾಸ್ಟಿಕ್ ಕವರಿನಲ್ಲಿ, ಆಲೂಗಡ್ಡೆ ಪಲ್ಯ ಇನ್ನೊಂದರಲ್ಲಿ. ಮಾಸ್ಕ್ ಗದ್ದಕ್ಕೆ ಇಳಿಸಿಕೊಂಡು, ಕಾರಿನ ಸೀಟಿನಲ್ಲಿ ಕೂತು, ಮೆತ್ತಗಾದ ದೋಸೆ ತಿಂದ ಹೊಸ ಜೋಡಿಯನ್ನು ನಾನು ಮರೆಯುವುದಿಲ್ಲ. ಹೋಟೆಲಿನ ಮೇಜಿನ ಮುಂದೆ ಕೂತವರನ್ನು ಮರೆತುಬಿಡುತ್ತೇನೆ. ಅಲ್ಲಿ ಎಲ್ಲರೂ ಕೂರುತ್ತಾರೆ.

ದಿನಾಂಕದ ಒಳಗೂ ಒಂದು ಕಥೆ ಇದೆ. ಅದರ ಹಿಂದಿನ ಭಾನುವಾರ, ಮೇ 24ಕ್ಕೆ, ರಾಜ್ಯದಲ್ಲಿ ಪೂರ್ತಿ ಲಾಕ್‌ಡೌನ್ ಇತ್ತು. 31ಕ್ಕೂ ಹಾಗೇ ಅಂತ ಮೊದಲು ಹೇಳಿದ್ದರು. ಹಿಂದಿನ ದಿನ ಅದನ್ನು ತೆಗೆದುಹಾಕಿದರು. ಅಂದರೆ ಶನಿವಾರದವರೆಗೂ ನಿಮಗೆ ಈ ಪ್ರಯಾಣದ ಯೋಚನೆ ಬಂದಿರಲಿಕ್ಕೇ ಇಲ್ಲ! ಸುದ್ದಿ ಕೇಳಿದಾಗ ಮನೆಯಲ್ಲಿ ಯಾರು ಏನಂದರು? ‘ನಾಳೆ ಹೋಗೋಣ’ ಅಂತ ಮೊದಲು ಹೇಳಿದ್ದು ಯಾರು, ನೀವಾ ಅವರಾ? ಕಾರು ಕೇಳಲು ಗೆಳೆಯರಿಗೆ ಫೋನ್ ಮಾಡಿದಾಗ ಅವರು ತಕ್ಷಣ ಕೊಟ್ಟರಾ? ಆ ದಿನಗಳಲ್ಲಿ ಒಬ್ಬರ ಕಾರಿನಲ್ಲಿ ಇನ್ನೊಬ್ಬರು ಕೂರುವುದೂ ಹೆದರಿಕೆಯ ವಿಷಯವೇ ಆಗಿತ್ತು. ಈ ಶನಿವಾರ ಸಂಜೆಯಿಂದಲೇ ನಿಮ್ಮ ಬರಹ ಶುರುವಾಗಬಹುದು. ‘ಪ್ರವಾಸ ಎಂದರೆ ಯಾರಿಗೆ ತಾನೇ ಇಷ್ಟವಿಲ್ಲ’ ಎಂಬ ಈಗಿನ ಮೊದಲ ಪ್ಯಾರಾ ಬೇಡ.

ಈಗ ನಿಮ್ಮ ಒಳ್ಳೆಯ ಸಾಲುಗಳಿಗೆ ಬರುತ್ತೇನೆ. ಭರಮಸಾಗರದ ಹತ್ತಿರ ರಸ್ತೆ ಬದಿಯಲ್ಲಿ ಮಾವಿನಹಣ್ಣು ಮಾರುತ್ತಿದ್ದ ಅಜ್ಜಿ. ಹಣ್ಣನ್ನು ಕಲ್ಲಿನ ಮೇಲೆ ಇಟ್ಟು ಹಿಂದಕ್ಕೆ ಸರಿದು ನಿಂತರು. ‘ದುಡ್ಡು ಅಲ್ಲೇ ಇಡವ್ವಾ’ ಅಂದರು. ನೀವು ಹೋದ ಮೇಲೆ ಸೆರಗಿನ ತುದಿಯಿಂದ ನೋಟು ಎತ್ತಿಕೊಂಡರು. ಎಷ್ಟು ಚೆನ್ನಾಗಿದೆ! ಇದನ್ನು ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಆ ಕಾಲದ ಹೆದರಿಕೆ, ಮರ್ಯಾದೆ, ವ್ಯಾಪಾರ ಎಲ್ಲವೂ ಅಲ್ಲಿದೆ. ನೀವು ಎಲ್ಲೂ ವಿವರಣೆ ಕೊಟ್ಟಿಲ್ಲ, ಕಂಡದ್ದನ್ನು ಮಾತ್ರ ಬರೆದಿದ್ದೀರಿ. ಆದರೆ ಮುಂದಿನ ಸಾಲಿಗೇ ‘ಕೊರೊನಾ ಮನುಷ್ಯ ಸಂಬಂಧಗಳನ್ನೇ ದೂರ ಮಾಡಿತು’ ಅಂತ ಸೇರಿಸಿದ್ದೀರಿ. ಅದನ್ನು ತೆಗೆಯಿರಿ. ಅಜ್ಜಿ ಹೇಳಿಯಾಗಿದೆ.

ಎರಡನೆಯದು, ‘ಮದುವೆಯಾದ ಮೇಲೆ ಇಬ್ಬರೇ ಕೂತು ಮಾತಾಡಿದ್ದು ಅವತ್ತೇ ಮೊದಲು.’ ಇದು ಬಂದಿರುವುದು ಟೋಲ್ ಗೇಟಿನ ವರ್ಣನೆಯ ನಡುವೆ! ಇಡೀ ಬರಹದ ಜೀವ ಈ ಸಾಲು. ಮದುವೆಯಾಗಿ ತಿಂಗಳು ಕಳೆಯುವಷ್ಟರಲ್ಲಿ ಲಾಕ್‌ಡೌನ್. ಎರಡು ಕೋಣೆಯ ಮನೆ, ಅತ್ತೆ, ಮಾವ, ಮೈದುನ. ಪಕ್ಕದ ಬೀದಿ ಸೀಲ್‌ಡೌನ್. ಯಜಮಾನರು ಕೆಲಸ ಮಾಡುವ ಬಟ್ಟೆ ಅಂಗಡಿ ಮದುವೆ ಸೀಸನ್ನಿನಲ್ಲೇ ಬಾಗಿಲು ಹಾಕಿತು, ಸಂಬಳ ಅರ್ಧ ಬಂತು. ಇಷ್ಟೂ ನಿಮ್ಮ ಬರಹದಲ್ಲೇ ಇದೆ, ಒಂದೊಂದು ಮಾತಿನಲ್ಲಿ. ಹಾಗಾದರೆ ನೀವು ದುರ್ಗ ನೋಡಲು ಹೋಗಿದ್ದಲ್ಲ, ಅಲ್ವಾ? ಒಂದು ಗಂಟೆ ಹೋಗುವ ದಾರಿ, ಒಂದು ಗಂಟೆ ಬರುವ ದಾರಿ, ನಡುವೆ ಯಾರೂ ಇಲ್ಲ. ಅದಕ್ಕೆ ಹೋಗಿದ್ದು.

ಆ ಎರಡು ಗಂಟೆಯಲ್ಲಿ ಏನು ಮಾತಾಡಿದಿರಿ? ಅದೇ ನನಗೆ ಬೇಕು. ನಿಮ್ಮ ಬರಹದಲ್ಲಿ ಯಜಮಾನರು ಒಂದೇ ಒಂದು ಮಾತು ಆಡುತ್ತಾರೆ, ಅದೂ ಮದಕರಿ ನಾಯಕನ ಬಗ್ಗೆ. ಉಳಿದಂತೆ ಸ್ಟೇರಿಂಗ್ ಹಿಡಿದಿದ್ದಾರೆ ಅಷ್ಟೇ. ಅವರು ಹೇಗೆ ನಗುತ್ತಾರೆ, ಅರ್ಧ ಸಂಬಳದ ವಿಷಯ ಬಂದಾಗ ಮುಖ ಹೇಗಾಗುತ್ತದೆ, ಪೆಟ್ರೋಲ್ ಹಾಕಿಸುವಾಗ ಎಷ್ಟು ಯೋಚಿಸಿದರು? ಮಾತು ಹೊಳೆಯದೆ ಇಬ್ಬರೂ ಸುಮ್ಮನಿದ್ದ ಹೊತ್ತು ಇದ್ದರೆ ಅದನ್ನೂ ಬರೆಯಿರಿ. ಮನೆಯವರ ಮುಂದೆ ಆಡಲಾಗದ ಮಾತು ಒಂದಾದರೂ ಇದ್ದೇ ಇರುತ್ತದೆ. ಎಲ್ಲವನ್ನೂ ಬಿಚ್ಚಿಡಬೇಕಿಲ್ಲ. ಒಂದು ಸಾಕು.

ಇನ್ನು ಅತ್ತೆಯವರ ವಿಷಯ. ‘ಅತ್ತೆಗೆ ಸಂಬಂಧಿಕರ ಮನೆಗೆ ಅಂತ ಹೇಳಿ ಹೊರಟೆವು’ ಎಂದು ಬರೆದು ಮುಂದಕ್ಕೆ ಓಡಿದ್ದೀರಿ. ಇಲ್ಲಿ ನಿಲ್ಲಬೇಕಿತ್ತು. 65 ದಾಟಿದವರು ಹೊರಗೆ ಬರಬೇಡಿ ಅಂತ ಸರ್ಕಾರ ಹೇಳುತ್ತಿದ್ದ ಕಾಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ನೀವೇ ಬರೆದಿದ್ದೀರಿ. ನೀವು ಹೊರಗೆ ಹೋಗಿ ಬರುವುದೆಂದರೆ ಅವರ ಆರೋಗ್ಯವನ್ನೂ ಪಣಕ್ಕಿಟ್ಟಂತೆ. ಆ ಭಯ ವಾಪಸ್ ಬರುವಾಗ ಇತ್ತಾ? ಬಂದ ಮೇಲೆ ಬಾಗಿಲಲ್ಲೇ ಕೈಕಾಲು ತೊಳೆದಿರಾ, ಬಟ್ಟೆ ನೆನೆಹಾಕಿದಿರಾ, ಅವರಿಂದ ದೂರ ಕೂತಿರಾ? ಖುಷಿ ಮತ್ತು ಭಯ ಎರಡೂ ಒಂದೇ ಕಾರಿನಲ್ಲಿ ಬಂದದ್ದನ್ನು ನೀವು ಬರೆದರೆ, ಓದುಗರು ನಿಮ್ಮ ಮೇಲೆ ತೀರ್ಪು ಕೊಡಲು ಹೋಗುವುದಿಲ್ಲ. ಅವರೂ ಅಂಥದ್ದೇ ಏನೋ ಮಾಡಿರುತ್ತಾರೆ.

ಹಾಗಾದರೆ ದುರ್ಗದಲ್ಲಿ ಏನು ಬರೆಯುವುದು? ಏನಾಯಿತೋ ಅದನ್ನು. ಕೋಟೆ ಬಾಗಿಲು ಹಾಕಿತ್ತು ಅಂದರೆ ಹಾಕಿತ್ತು ಅಂತ ಬರೆಯಿರಿ. ಎಷ್ಟು ಹೊತ್ತು ನಿಂತಿರಿ, ಬೇರೆ ಯಾರಾದರೂ ಬಂದಿದ್ದರಾ, ಆಮೇಲೆ ಎಲ್ಲಿಗೆ ಹೋದಿರಿ? ಏಳರೊಳಗೆ ಮನೆ ಸೇರಬೇಕು ಅಂತ ಎಷ್ಟು ಗಂಟೆಗೆ ಕಾರು ತಿರುಗಿಸಿದಿರಿ? ಗಡಿಯಾರ ನೋಡುತ್ತಾ ಬಂದ ಆ ದಾರಿ ನಿಮ್ಮ ಸೂರ್ಯಾಸ್ತಕ್ಕಿಂತ ಚೆನ್ನಾಗಿ ಓದಿಸಿಕೊಳ್ಳುತ್ತದೆ.

ಕೋಟೆಯ ಇತಿಹಾಸಕ್ಕೆ ನೀವು ಕೊಟ್ಟ ಮೂರು ಪುಟಗಳನ್ನು ಪೂರ್ತಿ ಬಿಡಿ. ಏಳು ಸುತ್ತಿನ ಕೋಟೆ, ಒನಕೆ ಓಬವ್ವ, ತುಪ್ಪದ ಕೊಳ, ಅಕ್ಕತಂಗಿಯರ ಹೊಂಡ ಇವೆಲ್ಲ ಈ ಭಾಗದ ಶಾಲೆ ಮಕ್ಕಳಿಗೂ ಗೊತ್ತು. ಅದರಲ್ಲಿ ಒಂದು ತಪ್ಪೂ ಇದೆ. ಓಬವ್ವನ ಕಥೆ ಟಿಪ್ಪುವಿನ ಮುತ್ತಿಗೆಯದ್ದಲ್ಲ, ಹೈದರಾಲಿಯ ಮುತ್ತಿಗೆಯದ್ದು. 1779ರಲ್ಲಿ ದುರ್ಗ ಹಿಡಿದದ್ದು ಅವನೇ.

ಭಾಷೆಯ ಬಗ್ಗೆ ಸ್ವಲ್ಪ. ‘ಕಣ್ಮನ ತಣಿಸುವ’, ‘ಪ್ರಕೃತಿ ಮಾತೆಯ ಮಡಿಲು’ ಇಂಥವು ನಿಮ್ಮ ಮಾತಲ್ಲ. ಅಜ್ಜಿಯ ಪ್ಯಾರಾದಲ್ಲಿ ಒಂದೂ ಇಲ್ಲ, ಅದಕ್ಕೇ ಅದು ಚೆನ್ನಾಗಿದೆ. ಮೇ ಕೊನೆಯಲ್ಲಿ ಆ ಹೆದ್ದಾರಿಯ ಎರಡೂ ಬದಿ ಹಚ್ಚ ಹಸಿರು ಎಲ್ಲಿಂದ ಬರಬೇಕು ಹೇಳಿ? ಮಳೆ ನಂಬಿದ ಹೊಲಗಳಲ್ಲಿ ಮೆಕ್ಕೆಜೋಳ ಇನ್ನೂ ಬಿತ್ತಿರುವುದಿಲ್ಲ. ಒಂದೆರಡು ಮಳೆಗೆ ಉಳುಮೆ ಮಾಡಿದ ನೆಲ ಇರುತ್ತದೆ. ದುರ್ಗ ಹತ್ತಿರವಾದಂತೆ ಗುಡ್ಡಗಳ ಮೇಲೆ ಗಾಳಿಯಂತ್ರ ಕಾಣುತ್ತವೆ. ಕಿಟಕಿ ಇಳಿಸಿದರೆ ಬಿಸಿ ಗಾಳಿ. ನೀವು ಕಂಡದ್ದೂ ಅದೇ ಇರಬೇಕು. ಅದನ್ನೇ ಬರೆಯಿರಿ.

ಹೊಸದಾಗಿ ಬರೆಯುವಾಗ ಹಳೆಯ ಹಾಳೆಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಡಿ, ತಿದ್ದಲು ಹೋಗಿ ಮತ್ತೆ ಅದೇ ದಾರಿ ಹಿಡಿಯುತ್ತೀರಿ. ಮೊದಲು ಯಜಮಾನರ ಜೊತೆ ಕೂತು ಆ ದಿನವನ್ನು ಮಾತಾಡಿ. ಅವರಿಗೆ ನೆನಪಿರುವುದು ಬೇರೆಯೇ ಇರಬಹುದು. ಇಬ್ಬರ ನೆನಪು ಹೊಂದದಿದ್ದರೆ ಎರಡನ್ನೂ ಬರೆಯಿರಿ. ಈಗಿನದರ ಅರ್ಧದಷ್ಟು ಉದ್ದ ಸಾಕು.

ಕಳಿಸುವ ಮುಂಚೆ ಒಂದು ಕೆಲಸ ಮಾಡಬೇಕು. ಬರಹವನ್ನು ಯಜಮಾನರಿಗೆ ಓದಲು ಕೊಡಿ. ಅತ್ತೆಯವರಿಗೂ ಓದಿ ಹೇಳಿ. ಅಚ್ಚಾದ ಮೇಲೆ ಬೀದಿಯವರಿಂದ ಅವರಿಗೆ ಗೊತ್ತಾಗುವುದು ಬೇಡ. ಅವರು ಒಪ್ಪದಿದ್ದರೆ ನನಗೆ ತಿಳಿಸಿ. ಯಾವುದನ್ನು ಬಿಡಬೇಕು, ಯಾವುದನ್ನು ಬಿಟ್ಟರೆ ಬರಹವೇ ನಿಲ್ಲುವುದಿಲ್ಲ ಅಂತ ಕೂತು ನೋಡೋಣ. ಅವರು ಒಪ್ಪಿದರೆ, ಅವತ್ತು ನಿಮ್ಮನ್ನು ಕಳಿಸಿ ಮನೆಯಲ್ಲಿದ್ದ ಅವರಿಗೆ ಏನನಿಸಿತ್ತು ಅಂತಲೂ ಕೇಳಿ ಬರೆದುಕೊಳ್ಳಿ.

ನಿಮ್ಮ,
ಸಂಪಾದಕ