ಕರುಳಿನಲ್ಲಿ ನಾರು ಒಡೆಯುವವರು ಯಾರು?

ಪ್ರಶ್ನೆ: ಸಸ್ಯಗಳ ನಾರಾದ ಸೆಲ್ಯುಲೋಸ್ ಮನುಷ್ಯನಿಗೆ ಜೀರ್ಣವಾಗದು ಎಂದು ಪಠ್ಯದಲ್ಲಿದೆ. ಅದನ್ನು ಒಡೆಯುವ ಹೊಸ ಬ್ಯಾಕ್ಟೀರಿಯಾಗಳು ನಮ್ಮ ಕರುಳಿನಲ್ಲೇ ಸಿಕ್ಕಿವೆಯಂತೆ. ಅಷ್ಟೊಂದು ಜೀವಿಗಳ ನಡುವೆ ಅವನ್ನು ಗುರುತಿಸುವುದು ಹೇಗೆ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಠ್ಯದ ಮಾತು ಸರಿ. ಸೆಲ್ಯುಲೋಸ್ ಒಡೆಯುವ ಕಿಣ್ವ ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ. ಆ ಕೆಲಸ ಬಲ್ಲವು ದೊಡ್ಡಕರುಳಿನ ಕೆಲವೇ ಬ್ಯಾಕ್ಟೀರಿಯಾಗಳು. ಮನುಷ್ಯನ ಮಲದಿಂದ ಬೇರ್ಪಡಿಸಿದ ರೂಮಿನೊಕಾಕಸ್ ಶಾಂಪನೆಲೆನ್ಸಿಸ್ ಅನ್ನು 2012ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. 2024ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಇಟ್ಜಾಕ್ ಮಿಜ್ರಾಹಿ ಅವರ ತಂಡ ಅದೇ ಕುಲದ ಇನ್ನಷ್ಟು ಪ್ರಭೇದಗಳನ್ನು ವರದಿ ಮಾಡಿತು.

ಆ ತಂಡ ಹೊರಟದ್ದು ಜೀನ್‌ನ ಜಾಡು ಹಿಡಿದು. ಈ ಬ್ಯಾಕ್ಟೀರಿಯಾಗಳು ಹಲವು ಕಿಣ್ವಗಳನ್ನು ಒಂದು ಪ್ರೊಟೀನ್ ಚೌಕಟ್ಟಿಗೆ ಸಿಕ್ಕಿಸಿಕೊಂಡು ನಾರಿನ ಮೇಲೆ ಕೆಲಸ ಮಾಡುತ್ತವೆ. ಆ ಜೋಡಣೆಗೆ ಸೆಲ್ಯುಲೋಸೋಮ್ ಎನ್ನುತ್ತಾರೆ. ಮಲದ ಡಿಎನ್‌ಎಯಲ್ಲಿ ಚೌಕಟ್ಟಿನ ಜೀನ್ ಸಿಕ್ಕರೆ ಅದು ಗಟ್ಟಿ ಸುಳಿವು. ಬರೀ ಸೆಲ್ಯುಲೇಸ್ (ಸೆಲ್ಯುಲೋಸ್ ಒಡೆಯುವ ಕಿಣ್ವ) ಜೀನ್ ನಂಬಿದರೆ ಮೋಸಹೋಗುತ್ತೇವೆ: ಗಟ್ಟಿ ಹರಳಿನಂಥ ಸೆಲ್ಯುಲೋಸನ್ನು ಮುಟ್ಟಲಾರದ ಎಷ್ಟೋ ಬ್ಯಾಕ್ಟೀರಿಯಾಗಳಲ್ಲೂ ಅದಿರುತ್ತದೆ. ಸಿಕ್ಕ ಜೀನೋಮು ತಿಳಿದಿರುವ ಪ್ರಭೇದಗಳೊಡನೆ ಸುಮಾರು 95%ಕ್ಕಿಂತ ಕಡಿಮೆ ಹೋಲಿದರೆ ಹೊಸದೆಂದು ಲೆಕ್ಕ. ಬೇಟೆ-ಸಂಗ್ರಹಣೆಯ ಸಮುದಾಯಗಳಲ್ಲಿ, ಹಳ್ಳಿಗರಲ್ಲಿ, ಪ್ರಾಚೀನ ಮಲದ ಮಾದರಿಗಳಲ್ಲಿ ಇವು ಹೆಚ್ಚು ಕಂಡವು. ಕೈಗಾರಿಕೀಕರಣಗೊಂಡ ದೇಶಗಳ ಜನರಲ್ಲಿ ವಿರಳ. ಕಳೆದುಕೊಳ್ಳುತ್ತಿರುವುದು ಏನೆಂದು ತಿಳಿಯುವ ಮೊದಲೇ ಕಳೆದುಕೊಳ್ಳುತ್ತಿದ್ದೇವೆ ಎಂಬುದು ನಿಜಕ್ಕೂ ಕಳವಳದ ಸಂಗತಿ.

ಆದರೂ ಜೀನ್ ಇದ್ದ ಮಾತ್ರಕ್ಕೆ ಕೆಲಸ ನಡೆಯುತ್ತದೆ ಎನ್ನಲಾಗದು, ಬೆಳೆಸಿ ನೋಡಲೇಬೇಕು. ಇವಕ್ಕೆ ಆಮ್ಲಜನಕ ಆಗದು. ಅದನ್ನು ಹೊರಹಾಕಲು ಮಾಧ್ಯಮವನ್ನು (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವವನ್ನು) ಕುದಿಸಿ, ಇಂಗಾಲದ ಡೈಆಕ್ಸೈಡ್ ಹಾಯಿಸಿ, ಲೀಟರಿಗೆ ಸುಮಾರು 1 ಗ್ರಾಂ ಸಿಸ್ಟೀನ್ (ಉಳಿದ ಆಮ್ಲಜನಕ ತೆಗೆಯಲು), 1 ಮಿಲಿಗ್ರಾಂ ರೆಸಾಜುರಿನ್ (ಆಮ್ಲಜನಕ ಸೂಚಿಸುವ ಬಣ್ಣ) ಸೇರಿಸುತ್ತಾರೆ. ಬಣ್ಣ ಗುಲಾಬಿಯಾದರೆ ಆಮ್ಲಜನಕ ನುಗ್ಗಿದೆ ಎಂದರ್ಥ. ಆ ಕೊಳವೆ ಬಳಸಬಾರದು. ಸಕ್ಕರೆಯ ಬದಲು ಫಿಲ್ಟರ್ ಕಾಗದದ ಪಟ್ಟಿ ಹಾಕಿ, ಮಾದರಿಯನ್ನು ಹತ್ತುಪಟ್ಟು ತೆಳುಗೊಳಿಸುತ್ತ ಹೋಗಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಇಡುತ್ತಾರೆ. ಕಾಗದ ಕರಗಿ ಹರಿದ ಕೊಳವೆಗಳ ಪೈಕಿ, ಮಾದರಿ ಅತ್ಯಂತ ತೆಳುಗೊಂಡಿರುವ ಕೊಳವೆಯಿಂದಲೇ ಮುಂದಿನ ಬೇರ್ಪಡಿಕೆ. ಇಲ್ಲಿ ಇನ್ನೊಂದು ತೊಡಕಿದೆ: ನಾರು ಒಡೆದಾಗ ಹೊರಬೀಳುವ ಸೆಲ್ಲೊಬಯೋಸ್ ಎಂಬ ಸಕ್ಕರೆ ತಿಂದು ಬದುಕುವ ಜೀವಿಗಳೂ ಅದೇ ಕೊಳವೆಯಲ್ಲಿ ಬೆಳೆಯುತ್ತವೆ. ಶುದ್ಧವೆಂದು ಕಂಡ ಕಾಲೊನಿಯನ್ನು (ಬ್ಯಾಕ್ಟೀರಿಯಾ ಗುಂಪನ್ನು) ಮತ್ತೆ ಕಾಗದದ ಮೇಲೆ ಒಂಟಿಯಾಗಿ ಬೆಳೆಸಿ ಪರೀಕ್ಷಿಸದೆ ಒಪ್ಪಬೇಡಿ.

ಪ್ರಶ್ನೆ: ಕಾಲೇಜಿನಲ್ಲಿ ಮೇಣದಬತ್ತಿ ಜಾಡಿಯಿದೆ (ಒಳಗೆ ಬತ್ತಿ ಹಚ್ಚಿ ಮುಚ್ಚುವ ಜಾಡಿ). ಇವನ್ನು ಬೆಳೆಸಲು ಅದು ಸಾಕೇ?

ಉತ್ತರ: ಸಾಲದು. ಬತ್ತಿ ಆರಿದಾಗಲೂ ಜಾಡಿಯಲ್ಲಿ ಬೇಕಾದಷ್ಟು ಆಮ್ಲಜನಕ ಉಳಿದಿರುತ್ತದೆ. ಆಮ್ಲಜನಕ ಹೀರುವ ಪೊಟ್ಟಣ ಹಾಕುವ ಆಮ್ಲಜನಕರಹಿತ ಜಾಡಿ ಬೇಕು. ಮಲದ ಮಾದರಿಯ ಬದಲು ತಾಜಾ ಸಗಣಿಯಿಂದ ಕಲಿಯಲು ಶುರುಮಾಡಿ. ಅದರಲ್ಲೂ ಸೆಲ್ಯುಲೋಸ್ ಒಡೆಯುವ ಬ್ಯಾಕ್ಟೀರಿಯಾಗಳಿರುತ್ತವೆ. ಕೈಗವಸು ತಪ್ಪಿಸಬೇಡಿ. ಬಳಸಿದ ಕೊಳವೆಗಳನ್ನೆಲ್ಲ ಆಟೋಕ್ಲೇವ್ ಮಾಡಿಯೇ (ಒತ್ತಡದ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿಯೇ) ತೊಳೆಯಿರಿ.